ಭಯ ಆಗಲಿಲ್ವಾ ಅಂತ ಕೇಳುವವರಿಗೆ

"ಅಷ್ಟು ಕಾಲ ಕೋವಿಡ್ ವಾರ್ಡಿನಲ್ಲಿ ಇದ್ರಲ್ಲ ಸಿಸ್ಟರ್, ಭಯ ಆಗಲಿಲ್ವಾ?"

ಭಯ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಾದ್ಯಂತ ಕೋವಿಡ್‌ಗೆ ಬಲಿಯಾದ ಆರೋಗ್ಯ ಸಿಬ್ಬಂದಿ 80,000ದಿಂದ 1,80,000. ಭಯ ಆಗದೇ ಇರುತ್ತದೆಯೇ? ಆದರೆ ತಿಂಗಳುಗಟ್ಟಲೆ ಜೊತೆಗಿದ್ದರೆ ಭಯವೂ ಹಳತಾಗುತ್ತದೆ. ಮಾಸ್ಕ್ ಒತ್ತಿ ಮೂಗಿನ ಮೇಲಾದ ಗಾಯಕ್ಕೆ ಟೇಪ್ ಅಂಟಿಸಿಕೊಂಡು ಒಳಗೆ ಹೋಗುತ್ತಿದ್ದೆವು, ಅಷ್ಟೆ.

ಉತ್ತರ ಕೇಳಿದವರು ತಪ್ಪದೇ ಇನ್ನೊಂದು ಮಾತು ಸೇರಿಸುತ್ತಾರೆ: "ನೀವೆಲ್ಲ ದೇವರಿದ್ದ ಹಾಗೆ ಬಿಡಿ." ದಯವಿಟ್ಟು ಹಾಗೆನ್ನಬೇಡಿ. ದೇವರಿಗೆ ನಿದ್ದೆ, ರಜೆ, ಶೌಚಾಲಯ ಬೇಕಿಲ್ಲ. ಪಿಪಿಇ ಕಿಟ್ ಬಿಚ್ಚುವವರೆಗೆ ಗುಟುಕು ನೀರನ್ನೂ ಕುಡಿಯಲಾಗದ ನಮಗೆ ಇವೆಲ್ಲ ಬೇಕಿತ್ತು.

ಒಂದು ರಾತ್ರಿ ಪಾಳಿ ಹೇಳುತ್ತೇನೆ. ವೆಂಟಿಲೇಟರ್‌ನಲ್ಲಿದ್ದ ಒಬ್ಬರನ್ನು ಬೋರಲು ಮಲಗಿಸಬೇಕಿತ್ತು. ಹಾಗೆ ಮಲಗಿಸಿದರೆ ಬೆನ್ನಿನ ಕಡೆಯ ಶ್ವಾಸಕೋಶ ಬಿಚ್ಚಿಕೊಂಡು ರಕ್ತದಲ್ಲಿ ಆಮ್ಲಜನಕ ಏರುತ್ತದೆ. ತಲೆಯ ಬಳಿ ಒಬ್ಬರು ಟ್ಯೂಬ್ ಬಿಗಿಹಿಡಿದು ಎಣಿಸಬೇಕು, ಎರಡೂ ಬದಿಗೆ ಇಬ್ಬಿಬ್ಬರು ಬೇಕು. ಐಸಿಯುನಲ್ಲಿ ಅಷ್ಟು ಜನ ಇರಲಿಲ್ಲ, ಪಕ್ಕದ ವಾರ್ಡಿನಿಂದ ನನ್ನನ್ನೂ ಕರೆದರು. ನಮ್ಮ ವಾರ್ಡಿನ ಅಜ್ಜಿ ಆಗಷ್ಟೇ ನೀರು ಕೇಳಿದ್ದರು. "ಬಂದೆ ಅಜ್ಜಿ" ಅಂದು ಓಡಿದೆ. ಅಲ್ಲಿಂದ ಬರುವಷ್ಟರಲ್ಲಿ ಇನ್ನೊಬ್ಬರ ಆಕ್ಸಿಜನ್ ಕುಸಿಯುತ್ತಿತ್ತು, ಅವರಾದ ಮೇಲೆ ಮತ್ತೊಬ್ಬರು. ಅಜ್ಜಿಗೆ ನೀರು ಸಿಕ್ಕಿದ್ದು ಬೆಳಗಿನ ಜಾವ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮನ್ನು ಹಣ್ಣುಮಾಡಿದ್ದು ಇದು. ಮಾಡಬೇಕಾದ್ದು ಗೊತ್ತಿದ್ದೂ, ಮಾಡುವ ಕೈಯಿದ್ದೂ, ಹೊತ್ತಿಲ್ಲದೆ ಬಿಟ್ಟುಹೋದ ಕೆಲಸ. ಆಮೇಲೆ ಒತ್ತಡ ನಿವಾರಣೆಗೆಂದು ನಮಗೊಂದು ಧ್ಯಾನ ಶಿಬಿರ ಇಟ್ಟರು. ಅದೂ ಡ್ಯೂಟಿ ಮುಗಿದ ಮೇಲೆ, ಮಲಗುವ ಹೊತ್ತಿನಲ್ಲಿ. ಉಸಿರು ಹೇಗೆ ಎಳೆಯಬೇಕೆಂದು ನಮಗೆ ಕಲಿಸುವ ಬದಲು ಪಾಳಿಗೆ ಇನ್ನೊಬ್ಬರನ್ನು ಹಾಕಬಹುದಿತ್ತು.

ಹಾಗಾಗಿ ಭಯದ ವಿಷಯ ಬಿಡಿ. "ಒಬ್ಬ ನರ್ಸಿಗೆ ಎಷ್ಟು ರೋಗಿಗಳು?" ಅಂತ ಕೇಳಿ. ಇದು ಕೋವಿಡ್‌ನಿಂದ ಹುಟ್ಟಿದ ಪ್ರಶ್ನೆಯೂ ಅಲ್ಲ. ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಅವರ ತಂಡ 2002ರಲ್ಲೇ ತೋರಿಸಿತ್ತು: ಶಸ್ತ್ರಚಿಕಿತ್ಸೆಯ ವಾರ್ಡುಗಳಲ್ಲಿ ನರ್ಸಿಗೆ ಒಬ್ಬ ರೋಗಿ ಹೆಚ್ಚಾದರೆ, 30 ದಿನದೊಳಗೆ ರೋಗಿ ಸಾಯುವ ಸಂಭವ ಶೇ. 7ರಷ್ಟು, ನರ್ಸ್ ಬಳಲಿ ಬೇಸತ್ತುಹೋಗುವ ಸಂಭವ ಶೇ. 23ರಷ್ಟು ಹೆಚ್ಚು. ನಮ್ಮ ಸುಸ್ತಿಗೂ ನಿಮ್ಮ ಜೀವಕ್ಕೂ ಲೆಕ್ಕ ಒಂದೇ.

ನಿಮ್ಮವರು ಯಾರಾದರೂ ಆಸ್ಪತ್ರೆ ಸೇರಿದಾಗ ಇದನ್ನು ನಮ್ಮ ಹತ್ತಿರವಲ್ಲ, ಆಡಳಿತದವರ ಹತ್ತಿರ ಕೇಳಿ. ಹಗಲಿನ ಸಂಖ್ಯೆ ಹೇಳಿ ಸಾಗಹಾಕುತ್ತಾರೆ; ರಾತ್ರಿ ಪಾಳಿಯದ್ದನ್ನು ಬೇರೆಯಾಗಿ ಕೇಳಿ.