ಐದನೇ ಟೈರ್

14 ಜೂನ್ 2025, ಶನಿವಾರ

ಭಾವನ ಲ್ಯಾಂಡ್ ಕ್ರೂಸರ್‌ಗೆ ಹೊಸ ಟೈರ್ ಹಾಕಿಸಿದ್ದಾಯಿತು. ನಾಲ್ಕು. ಐದಲ್ಲ, ಸ್ಟೆಪ್ನಿ ಹಳೇ ಸೈಜಿನದೇ ಉಳಿಯಿತು. ಸಂಜೆಯಿಂದ ನನ್ನ ತಲೆ ತಿನ್ನುತ್ತಿರುವುದು ಇದೇ.

ಗಾಡಿ 200 ಸೀರೀಸ್. ಕಂಪನಿ ಕೊಟ್ಟ ಟೈರ್ 285/60 ಆರ್18, ಅಂದರೆ 18 ಇಂಚಿನ ರಿಮ್ಮಿನದು. ಈಗ ಹಾಕಿಸಿದ್ದು 285/65 ಆರ್18, ಆಲ್-ಟೆರೇನ್, ರಸ್ತೆಗೂ ಕಚ್ಚಾ ದಾರಿಗೂ ಆಗುವಂಥದ್ದು. ಅಗಲ ಅದೇ, ರಿಮ್ಮೂ ಅದೇ. 60 ಹೋಗಿ 65 ಬಂತು, ಅಷ್ಟೇ. ಆದರೆ ಆ ಅಂಕಿ ಅಗಲದ ಶೇಕಡಾ ಲೆಕ್ಕ. 285 ಮಿ.ಮೀ. ಅಗಲಕ್ಕೆ ಶೇ. 60 ಅಂದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) 171 ಮಿ.ಮೀ., ಶೇ. 65 ಅಂದರೆ 185. ಮೇಲೆ ಕೆಳಗೆ ಎರಡೂ ಸೇರಿ ಇಡೀ ಟೈರಿನ ಎತ್ತರ 799ರಿಂದ 828ಕ್ಕೆ ಹೋಗುತ್ತದೆ. ಗಾಡಿ ನೆಲದಿಂದ ಮೇಲೇಳುವುದು ಅದರ ಅರ್ಧ, ಬರೀ 14 ಮಿ.ಮೀ.

"ಇಷ್ಟಕ್ಕೇನಾ ಇಷ್ಟೊಂದು ಖರ್ಚು?" ಅಂದಳು ಅಕ್ಕ.

ಎತ್ತರಕ್ಕಲ್ಲ ಅಕ್ಕ, ಸೈಡ್‌ವಾಲ್‌ಗೆ ಅಂದೆ. ಮರಳಲ್ಲಿ, ಕಲ್ಲು ದಾರಿಯಲ್ಲಿ ಗಾಳಿ ಇಳಿಸಿದಾಗ ಬಗ್ಗಿ ನೆಲ ಹಿಡಿಯುವುದು ಆ ರಬ್ಬರ್ ಗೋಡೆಯೇ. ಅದು ಎತ್ತರ ಇದ್ದಷ್ಟೂ ರಿಮ್ಮಿಗೆ ಪೆಟ್ಟು ಕಮ್ಮಿ. ಇಂಥ ಗಾಡಿಗಳಿಗೆ ಈಗ 22 ಇಂಚಿನ ರಿಮ್ ಹಾಕಿ, ಸುತ್ತ ತೆಳ್ಳಗೆ ರಬ್ಬರ್ ಸುತ್ತಿ ಕೊಡುತ್ತಾರೆ. ನೋಡೋಕೆ ಚೆನ್ನ. ಒಂದು ಚೂಪು ಕಲ್ಲು ಸಿಕ್ಕರೆ ಮುಗೀತು. ಬೆಟ್ಟ ಹತ್ತೋಕೆ ಅಂತ ಮಾಡಿದ ಗಾಡಿಗೆ ಅದು ನನಗೆ ನಿಜಕ್ಕೂ ಬೇಜಾರು ತರಿಸುವ ವಿಷಯ.

ಹೊಸ ಟೈರ್ ಮೇಲೆ ಕೈಯಾಡಿಸಿದೆ. ದಪ್ಪ ದಪ್ಪ ಕಟ್ಟೆಗಳು, ಪ್ರತಿ ಕಟ್ಟೆಯಲ್ಲೂ ಬ್ಲೇಡಲ್ಲಿ ಗೀರಿದ ಹಾಗೆ ಸಣ್ಣ ಸೀಳುಗಳು, ಕಾಲುವೆಯ ತಳದಲ್ಲಿ ಕಲ್ಲು ಸಿಕ್ಕಿಕೊಳ್ಳದಂತೆ ಪುಟ್ಟ ದಿಮ್ಮಿಗಳು. ಅಚ್ಚಿನಿಂದ ಬಂದ ರಬ್ಬರ್ ಕೂದಲು ಇನ್ನೂ ಅಲ್ಲಲ್ಲಿ ನಿಂತಿತ್ತು.

ಟೈರ್ ಹಾಕುವ ಹುಡುಗ ಬಹಳ ಶ್ರದ್ಧೆಯವನು. ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸೋಕೆ ಹೇಳಿ, ತಾನು ಟಾರ್ಚ್ ಹಿಡಿದು ನೆಲಕ್ಕೆ ಮಲಗಿದ. ರಿವರ್ಸ್‌ನಲ್ಲೂ ನೋಡಿದ. ಮುಂದಿನ ಚಕ್ರಕ್ಕೂ ಒಳಗಿನ ಪ್ಲಾಸ್ಟಿಕ್ಕಿಗೂ ನಡುವೆ ಅವನ ಬೆರಳು ಹೋಯಿತು. "ಇಲ್ಲಿ ತಾಗಲ್ಲ ಸರ್. ಲೋಡ್ ಹಾಕಿ, ಒಂದು ಚಕ್ರ ಹಳ್ಳಕ್ಕೆ ಇಳಿದಾಗ ಇನ್ನೊಂದ್ಸಲ ನೋಡಿ" ಅಂದ. ಇದೇ ಸರಿಯಾದ ಮಾತು.

ಆಮೇಲೆ ಸ್ಟೆಪ್ನಿ ವಿಷಯ ಬಂತು.

"ಅದು ಹೊಸದೇ ಕಣೋ, ಒಂದು ದಿನಾನೂ ನೆಲ ಮುಟ್ಟಿಲ್ಲ. ಯಾಕೆ ಬಿಸಾಕೋದು?" ಭಾವ.

"ಭಾವ, ಇದು ಯಾವಾಗಲೂ ನಾಲ್ಕು ಚಕ್ರಕ್ಕೂ ಶಕ್ತಿ ಕೊಡೋ ಗಾಡಿ. ಚಿಕ್ಕ ಚಕ್ರ ಒಂದು ಸುತ್ತಿಗೆ ಎರಡೂವರೆ ಮೀಟರ್ ಹೋಗುತ್ತೆ, ದೊಡ್ಡದು 2.6 ಮೀಟರ್. ಒಂದು ಕಿಲೋಮೀಟರಿಗೆ ಸುಮಾರು 14 ಸುತ್ತು ಜಾಸ್ತಿ ಸುತ್ತಬೇಕು ಆ ಒಂದು ಚಕ್ರ. ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತೋಕೆ ಬಿಡೋ ಡಿಫರೆನ್ಷಿಯಲ್ ಅಷ್ಟನ್ನೂ ನುಂಗಬೇಕು."

"ತಿರುವಿನಲ್ಲೂ ನುಂಗುತ್ತಲ್ವಾ?"

ತಿರುವು ಮುಗಿಯುತ್ತೆ ಭಾವ. ಇದು ನೇರ ರಸ್ತೆಯಲ್ಲೂ ಮುಗಿಯಲ್ಲ.

ಅವರು ನಕ್ಕರು. ನಿಧಾನಕ್ಕೆ ಓಡಿಸಿಕೊಂಡು ಬಂದರಾಯ್ತು ಅಂದರು. ಹತ್ತಿರದ ದಾರಿಗೆ ಸರಿ, ನಾನೂ ಒಪ್ಪುತ್ತೇನೆ. ಆದರೆ ಟೈರ್ ಹರಿಯುವುದು ಊರೊಳಗಲ್ಲವಲ್ಲ. ಕೆಸರಿನಲ್ಲಿ ಸಿಕ್ಕಿಕೊಂಡಾಗ ಮುಂದಿನ, ಹಿಂದಿನ ಆಕ್ಸಲ್ಲುಗಳ ನಡುವಿನ ಸೆಂಟರ್ ಡಿಫರೆನ್ಷಿಯಲ್ ಲಾಕ್ ಮಾಡಲೇಬೇಕಾಗುತ್ತೆ. ಲಾಕ್ ಆದಮೇಲೆ ಮುಂದಿನ ಆಕ್ಸಲ್ಲಿಗೂ ಹಿಂದಿನ ಆಕ್ಸಲ್ಲಿಗೂ ಒಂದೇ ಸುತ್ತಿನ ಲೆಕ್ಕ. ಚಕ್ರಗಳ ವ್ಯತ್ಯಾಸ ನೆಲದ ಮೇಲೆ ಜಾರಿ ತೀರಬೇಕು. ಕೆಸರಲ್ಲಿ ಜಾರುತ್ತೆ. ಗಟ್ಟಿ ನೆಲ ಸಿಕ್ಕಮೇಲೂ ಲಾಕ್ ತೆಗೆಯೋದು ಮರೆತರೆ ಗೇರ್ ಹಲ್ಲುಗಳ ಮೇಲೆ ಭಾರ. ಅಷ್ಟು ಒಳ್ಳೆಯ ಗೇರ್‌ಬಾಕ್ಸ್, ಅಷ್ಟು ಒಳ್ಳೆಯ ಆಕ್ಸಲ್. ಅವುಗಳ ಮೇಲೆ ನನಗೆ ಕನಿಕರ.

ವಾಪಸ್ ಬರುವಾಗ ಗಾಡಿ ನಾನೇ ಓಡಿಸಿದೆ. ಎಷ್ಟು ಚೆನ್ನಾಗಿತ್ತು! ಗುಂಡಿಗಳ ಅಂಚು ಮೆತ್ತಗಾಗಿದೆ. 80 ದಾಟಿದರೆ ಸಣ್ಣ ಗುಂಯ್ ಶಬ್ದ, ಅಕ್ಕನಿಗೆ ಇಷ್ಟವಾಗಲಿಲ್ಲ. ಮೊದಲು ಮೀಟರ್ 80 ತೋರಿಸಿದಾಗ ಜಿಪಿಎಸ್‌ನಲ್ಲಿ 77 ಇರುತ್ತಿತ್ತು, ಈಗ ಎರಡೂ ಹೆಚ್ಚುಕಮ್ಮಿ ಒಂದೇ. ಸ್ಪೀಡೋಮೀಟರ್ ನಿಜಕ್ಕಿಂತ ಜಾಸ್ತಿ ತೋರಿಸಬಹುದು, ಕಮ್ಮಿ ತೋರಿಸುವ ಹಾಗಿಲ್ಲ ಅಂತ ವಿಶ್ವಸಂಸ್ಥೆಯ 39ನೇ ವಾಹನ ನಿಯಮದಲ್ಲಿದೆ. ಕಂಪನಿಯವರು ಬಿಟ್ಟಿದ್ದ ಆ ಅಂತರವನ್ನು ಹೊಸ ಟೈರ್ ತಿಂದು ಹಾಕಿತು. ಇನ್ನೂ ದೊಡ್ಡದು ಹಾಕಿದರೆ ಮೀಟರ್ ಸುಳ್ಳು ಹೇಳೋಕೆ ಶುರು ಮಾಡುತ್ತೆ. ಓಡೋಮೀಟರ್ 10,000 ಅಂದಾಗ ಗಾಡಿ ನಿಜವಾಗಿ ಓಡಿರುವುದು 10,350ರ ಮೇಲೆ. ಆಯಿಲ್ ಬದಲಿಸುವಾಗ ಭಾವ ಇದನ್ನು ನೆನಪಿಟ್ಟುಕೊಳ್ಳಬೇಕು.

ಬ್ರೇಕೂ ಸ್ವಲ್ಪ ಹೊತ್ತು ಒತ್ತಬೇಕು ಅನ್ನಿಸಿತು. ಚಕ್ರ ಭಾರ ಆಗಿದೆ. ಅಮ್ಮನನ್ನು ಕೂರಿಸಿಕೊಂಡು ಮಳೆಯಲ್ಲಿ ಹೋಗುವಾಗ ಮುಂದಿನ ಗಾಡಿಯಿಂದ ಇನ್ನಷ್ಟು ದೂರ ಇರಿ ಅಂತ ಭಾವನಿಗೆ ಎರಡು ಸಲ ಹೇಳಿದೆ. ಹ್ಞೂಂ ಅಂದರು. ಕೇಳಿಸಿಕೊಂಡರೋ ಇಲ್ಲವೋ.

ಈಗ ರಾತ್ರಿ ಭಾವನ ಮೆಸೇಜ್ ಬಂದಿದೆ: "ಮುಂದಿನ ವರ್ಷ ತಗೊಳ್ಳೋಣ ಬಿಡು ಸ್ಟೆಪ್ನೀನ."

ಮುಂದಿನ ವರ್ಷ ಆಗಲ್ಲ ಭಾವ. ಅಷ್ಟರಲ್ಲಿ ನಾಲ್ಕು ಸವೆದಿರುತ್ತವೆ. 4 ಮಿ.ಮೀ. ಸವೆದರೂ ವ್ಯಾಸದಲ್ಲಿ 8 ಕಮ್ಮಿ. ಆಗ ಹೊಸ ಐದನೇದು ದೊಡ್ಡದಾಗುತ್ತೆ, ಅದೇ ತಾಪತ್ರಯ ತಿರುಗಾಮುರುಗಾ. ಈಗಲೇ ತಂದು ಐದನ್ನೂ ಸರದಿಯಲ್ಲಿ ಓಡಿಸಿದರೆ ಒಟ್ಟಿಗೆ ಸವೆಯುತ್ತವೆ. ಹಳೇ ನಾಲ್ಕರ ಜೊತೆ ಆ ಸ್ಟೆಪ್ನಿಯನ್ನೂ ಸೇರಿಸಿ ಮಾರಿದರೆ ಖರ್ಚೂ ಸ್ವಲ್ಪ ಇಳಿಯಬಹುದು. ನಾಳೆ ಬೆಳಗ್ಗೆ ಹೋಗಿ ಹೇಳಬೇಕು. ಅಕ್ಕ ಇರುವಾಗಲೇ ಹೇಳಿದರೆ ಒಳ್ಳೇದು, ಅವಳು ಲೆಕ್ಕ ಬೇಗ ಹಿಡಿಯುತ್ತಾಳೆ, ಆದರೆ ಆ ಗುಂಯ್ ಶಬ್ದದ ಮಾತು ಮೊದಲು ತೆಗೆದಳೋ, ಮುಗೀತು.