ಆಕ್ಸಿಜನ್ ಸೆನ್ಸರ್ ಬದಲಿಸಿದ್ದು: ಕಾಫಿ ಕಣದಲ್ಲಿ ಮೂರು ಭಾನುವಾರ

ಮೊದಲ ಭಾನುವಾರ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಇನ್ನು ಮೂರೇ ವಾರ. ಕೊಯ್ಲು ಶುರುವಾದರೆ ಕಣ ಸಿಗುವುದಿಲ್ಲ. ನಮ್ಮ ಮನೆ ಸುತ್ತ ಜಾಕ್ ಇಡುವಷ್ಟು ಸಮತಟ್ಟಾದ ಸಿಮೆಂಟ್ ನೆಲ ಅದೊಂದೇ, ಉಳಿದದ್ದೆಲ್ಲ ಇಳಿಜಾರು. ಹಾಗಾಗಿ ಮೊದಲು ಕಣದ ಮೇಲೆ ಟಾರ್ಪಾಲು ಹಾಸಿದೆ. ಕಾಫಿ ಹರಡುವ ಜಾಗಕ್ಕೆ ಒಂದು ಹನಿ ಆಯಿಲ್ ಕೂಡ ಬೀಳಬಾರದು.

ಕಾರು 2017ರದ್ದು, ಪೆಟ್ರೋಲ್, ಒಂದು ಲಕ್ಷ ಹತ್ತು ಸಾವಿರ ಕಿಲೋಮೀಟರ್ ಓಡಿದೆ. ಮಳೆಗಾಲದ ನಡುವೆ ಇಂಜಿನ್ ಲೈಟ್ ಹತ್ತಿಕೊಂಡಿತು. ಲೀಟರಿಗೆ ಹದಿನಾರು ಕೊಡುತ್ತಿದ್ದದ್ದು ಹದಿಮೂರಕ್ಕೆ ಇಳಿಯಿತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಅಂಗಳದ ತುಂಬ ಪೆಟ್ರೋಲ್ ವಾಸನೆ; ಜಗಲಿಯಲ್ಲಿ ಕೂತ ಅಮ್ಮ ಎದ್ದು ಒಳಗೆ ಹೋಗುವಷ್ಟು. ಕುಶಾಲನಗರದಲ್ಲಿ ಎಮಿಷನ್ ಟೆಸ್ಟ್ ಮಾಡಿಸಿದರೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.6. ಬಿಎಸ್-4 ಮಾಲಿನ್ಯ ಮಾನದಂಡದ ಪೆಟ್ರೋಲ್ ಕಾರಿಗೆ ಮಿತಿ ಶೇ 0.3. ಒಂದು ಗ್ಯಾರೇಜಿನಲ್ಲಿ ಹೊಗೆಯ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರೇ ಹೋಗಿದೆ ಅಂದರು. ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ದಾಖಲಿಸಿದ ದೋಷದ ಕೋಡ್ ಓದದೆ ಹೇಳಿದ ಮಾತು ಅದು. ಕನ್ವರ್ಟರ್ ಬೆಲೆ ಸೆನ್ಸರ್‌ನ ಹಲವು ಪಟ್ಟು, ಸುಮ್ಮನೆ ಹೂಂ ಅನ್ನಲು ಮನಸ್ಸಾಗಲಿಲ್ಲ.

ಆ ಕೋಡನ್ನು ಫೋನಿನಲ್ಲಿ ತೋರಿಸುವ ಓಬಿಡಿ ರೀಡರ್ ಸಿಕ್ಕಿಸಿ ನೋಡಿದೆ: ಪಿ0135. ಕನ್ವರ್ಟರ್‌ಗಿಂತ ಮುಂಚೆ ಕೂತಿರುವ ಮೊದಲ ಆಕ್ಸಿಜನ್ ಸೆನ್ಸರ್‌ನ ಹೀಟರ್ ಸರ್ಕ್ಯೂಟ್ ದೋಷ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಹೊರಗಿನ ಗಾಳಿಗೆ ಹೋಲಿಸಿ ಹೇಳುವುದು ಈ ಸೆನ್ಸರ್ ಕೆಲಸ; ಅದನ್ನು ನೋಡಿ ಇಸಿಯು ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಈ ಸೆನ್ಸರ್ ಒಳಗಿನ ಜಿರ್ಕೋನಿಯಾ ಸುಮಾರು 300 ಡಿಗ್ರಿ ಕಾದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಬೇಗ ಕಾಯಲೆಂದೇ ಒಳಗೊಂದು ಪುಟ್ಟ ಹೀಟರ್ ಇಟ್ಟಿರುತ್ತಾರೆ. ಹೀಟರ್ ಸತ್ತರೆ ಹೊಗೆಯ ಬಿಸಿಯಿಂದಲೇ ಕಾಯಬೇಕು. ನನ್ನ ದಿನದ ಓಡಾಟ ತೋಟದಿಂದ ಸುಂಟಿಕೊಪ್ಪಕ್ಕೆ, ನಾಲ್ಕೇ ಕಿಲೋಮೀಟರ್, ಅದೂ ಬೆಳಗಿನ ಮಂಜಿನಲ್ಲಿ. ಸೆನ್ಸರ್ ಕಾಯುವಷ್ಟರಲ್ಲಿ ಪೇಟೆ ಬಂದುಬಿಡುತ್ತದೆ. ಅಲ್ಲಿಯವರೆಗೂ ಇಸಿಯು ಅಂದಾಜಿನ ಮೇಲೆ ಪೆಟ್ರೋಲ್ ಸುರಿಯುತ್ತಿರುತ್ತದೆ.

ಕೋಡ್ ಬಂತೆಂದು ಪಾರ್ಟ್ ತರಲು ಓಡಬಾರದು. ಫ್ಯೂಸ್ ನೋಡಿದೆ, ಸರಿ ಇತ್ತು. ಕನೆಕ್ಟರ್ ಬಿಚ್ಚಿ ಕಾರಿನ ಬದಿಯಲ್ಲಿ ಅಳೆದೆ, ಹನ್ನೆರಡು ವೋಲ್ಟ್ ಬರುತ್ತಿತ್ತು. ಸೆನ್ಸರ್ ಬದಿಯ ಎರಡು ಬಿಳಿ ವಯರ್‌ಗಳ ನಡುವೆ ಮಲ್ಟಿಮೀಟರ್ ಇಟ್ಟರೆ ಏನೂ ಇಲ್ಲ, ಪೂರ್ತಿ ಓಪನ್. ಹೀಟರ್ ಕಡಿದಿದೆ. ಈಗ ಆರ್ಡರ್ ಮಾಡಬಹುದು ಅನ್ನಿಸಿತು, ಮಾಡಿದೆ.

ಎರಡನೇ ಭಾನುವಾರ

ಈ ಇಂಜಿನ್‌ನಲ್ಲಿ ಹೊಗೆ ಹೊರಹೋಗುವ ಕೊಳವೆಗಳ ಜೋಡಣೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಇರುವುದು ಹಿಂಬದಿ, ಕ್ಯಾಬಿನ್ ಗೋಡೆಗೆ ಅಂಟಿಕೊಂಡಂತೆ. ಬಾನೆಟ್ ಎತ್ತಿದರೆ ಸೆನ್ಸರ್ ಕಾಣುವುದೇ ಇಲ್ಲ. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಶಾಖ ತಡೆಯುವ ತಗಡಿನ ತೂತಿನಿಂದ ನಾಲ್ಕು ವಯರ್ ಹೊರಬಂದದ್ದು ಮಾತ್ರ ಕಾಣುತ್ತದೆ.

ಕೆಳಗಿನಿಂದ ಹೋಗೋಣವೆಂದು ಕಾರನ್ನು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ ಮಲಗಿದೆ. ಸ್ಟೀರಿಂಗ್ ರ‍್ಯಾಕ್ ಅಡ್ಡ. ಬೆರಳು ಮುಟ್ಟುತ್ತದೆ, ಸ್ಪ್ಯಾನರ್ ಹೋಗುವುದಿಲ್ಲ. ಒಂದು ಗಂಟೆ ಹಾಳಾಯಿತು. ಮೇಲಿನಿಂದಲೇ ದಾರಿ ಮಾಡಬೇಕು ಅಂತಾಯಿತು: ವೈಪರ್ ಕೈಗಳು, ಗಾಜಿನ ಬುಡದ ಪ್ಲಾಸ್ಟಿಕ್, ಅದರ ಅಡಿಯ ತಗಡು, ಏರ್ ಫಿಲ್ಟರ್ ಡಬ್ಬಿ. ಇಷ್ಟು ತೆಗೆದ ಮೇಲೆ ಮೊಣಕೈವರೆಗೆ ತೋಳು ಇಳಿಯಿತು. ಶಾಖ ತಡೆಯುವ ತಗಡಿನ ಮೂರು ಬೋಲ್ಟ್‌ಗಳಲ್ಲಿ ಎರಡು ಬಂದವು, ಮೂರನೆಯದರ ತಲೆ ಸವೆದು ಉರುಟಾಯಿತು. ಎಂಟು ಮಳೆಗಾಲದ ತುಕ್ಕು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ವಾರವಿಡೀ ಬಿಟ್ಟೆ. ಸೆನ್ಸರ್ ಬುಡಕ್ಕೂ ಒಂದಿಷ್ಟು.

ಮೂರನೇ ಭಾನುವಾರ

ಭಾವ ಸಹಾಯಕ್ಕೆ ಬಂದರು. ಮೂರನೇ ಬೋಲ್ಟ್ ವೈಸ್ ಗ್ರಿಪ್‌ಗೆ ಮಣಿಯಿತು, ತಗಡು ಕೈಗೆ ಬಂತು. ಇಂಜಿನ್ ಐದು ನಿಮಿಷ ಓಡಿಸಿ ನಿಲ್ಲಿಸಿದೆ. ಲೋಹ ಬೆಚ್ಚಗಿದ್ದರೆ ಥ್ರೆಡ್ ಬಿಡುವುದು ಸುಲಭ. ಕೈಗೆ ದಪ್ಪ ಚರ್ಮದ ಗ್ಲೌಸ್ ಬೇಕೇ ಬೇಕು.

ಈ ಕೆಲಸಕ್ಕೆಂದೇ 22 ಎಂಎಂ ಸೀಳು ಸಾಕೆಟ್ ತರಿಸಿದ್ದೆ, ವಯರ್ ಹೊರಬರಲು ಪಕ್ಕದಲ್ಲಿ ಸೀಳು ಇರುವಂಥದ್ದು. ಜೋರು ಹಾಕಿದ ಕೂಡಲೇ ಆ ಸೀಳು ಅಗಲವಾಗಿ ಸಾಕೆಟ್ ಜಾರಿತು. ಎರಡನೇ ಸಲವೂ ಹಾಗೆಯೇ. ಮೂರನೇ ಸಲ ಜಾರಿದ್ದರೆ ಸೆನ್ಸರ್‌ನ ಷಡ್ಭುಜವೂ ಉರುಟಾಗುತ್ತಿತ್ತು. ಆಗ ಭಾವ ಕೇಳಿದರು: "ವಯರ್ ಕಟ್ ಮಾಡಿ ಬಿಡಿ, ಹೇಗೂ ಬಿಸಾಡೋದಲ್ವಾ?"

ಹೌದಲ್ಲ! ಹೊಸದರ ಕನೆಕ್ಟರ್, ವಯರ್ ಉದ್ದ ಎರಡನ್ನೂ ಹಳೆಯದರ ಜೊತೆ ಹಿಡಿದು ಇನ್ನೊಮ್ಮೆ ಹೋಲಿಸಿ, ಬುಡದಲ್ಲೇ ಕತ್ತರಿಸಿದೆ. ಈಗ ಮಾಮೂಲಿ ರಿಂಗ್ ಸ್ಪ್ಯಾನರ್ ಮೇಲಿನಿಂದ ಪೂರ್ತಿ ಕೂತಿತು. ಸೀಳಿಲ್ಲ, ಜಾರುವುದಿಲ್ಲ. ಸ್ಪ್ಯಾನರ್ ತುದಿಗೆ ಒಂದು ಪೈಪ್ ಸಿಕ್ಕಿಸಿ ಭಾವ ಮೆಲ್ಲಗೆ ಒತ್ತಿದರು. ಒಣ ಕೊಂಬೆ ಮುರಿದಂತೆ ಟಕ್ಕೆಂದಿತು. ಇಬ್ಬರೂ ಉಸಿರು ಹಿಡಿದೆವು. ಮುರಿದಿರಲಿಲ್ಲ, ಬಿಟ್ಟಿತ್ತು. ಅಲ್ಲಿಂದ ಮುಂದೆ ಸ್ಪ್ಯಾನರ್ ತಿರುಗಲು ಇದ್ದ ಜಾಗ ಗಡಿಯಾರದ ಮುಳ್ಳು ಒಂದರಿಂದ ಎರಡಕ್ಕೆ ಹೋಗುವಷ್ಟು. ತಿರುಗಿಸು, ತೆಗೆ, ಮತ್ತೆ ಕೂರಿಸು. ಬೆರಳಿಗೆ ಸಡಿಲಾಗುವವರೆಗೂ ಇಪ್ಪತ್ತು ನಿಮಿಷ ಇದೇ.

ಹೊರಬಂದ ಸೆನ್ಸರ್‌ನ ತುದಿ ವೆಲ್ವೆಟ್ ಬಟ್ಟೆಯಂತೆ ಕರ್ರಗೆ, ಬೆರಳಿಟ್ಟರೆ ಮಸಿ. ಪೆಟ್ರೋಲ್ ಹೆಚ್ಚಾಗಿ ಉರಿಯುತ್ತಿದ್ದುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೊಸದನ್ನು ಹಾಕುವಾಗ ಕೆಲವು ವಿಷಯದಲ್ಲಿ ನಾನು ಬಹಳ ಜಾಗ್ರತೆ ಮಾಡಿದೆ. ಥ್ರೆಡ್‌ಗೆ ಕಂಪನಿಯೇ ಆ್ಯಂಟಿ-ಸೀಜ್ (ಲೋಹ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಿ ಕಳಿಸಿತ್ತು, ಮತ್ತೆ ಹಚ್ಚಲಿಲ್ಲ. ತುದಿಗಂತೂ ಏನೂ ತಾಗಿಸಲಿಲ್ಲ. ಕನೆಕ್ಟರ್‌ಗೆ ಸ್ಪ್ರೇ, ಗ್ರೀಸ್ ಯಾವುದೂ ಇಲ್ಲ. ಇಂಥ ಸೆನ್ಸರ್‌ಗಳಲ್ಲಿ ಹಲವು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ವಯರ್ ಒಳಗಿನಿಂದಲೇ ಎಳೆದುಕೊಳ್ಳುತ್ತವೆ, ಎಣ್ಣೆ ಹೋದರೆ ಆ ದಾರಿ ಕಟ್ಟುತ್ತದೆ. ವಯರ್ ಕತ್ತರಿಸಿ ಬೆಸುಗೆ ಹಾಕಿ ಜೋಡಿಸುವ ಅಗ್ಗದ ಸೆನ್ಸರ್ ಬೇಡ ಅಂದದ್ದಕ್ಕೂ ಅದೇ ಕಾರಣ. ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ ಕೂರಿಸಿದೆ. ಆಮೇಲೆ ಸೀಳು ಸಾಕೆಟ್, ಟಾರ್ಕ್ ರೆಂಚ್, 45 ನ್ಯೂಟನ್ ಮೀಟರ್. ಬಿಗಿಯಲು ಆ ಸಾಕೆಟ್ ಸಾಕಾಯಿತು.

ಕೋಡ್ ಅಳಿಸಿ ಸ್ಟಾರ್ಟ್ ಮಾಡಿದೆ. ಫೋನಿನ ಪರದೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದ ಸೆನ್ಸರ್ ವೋಲ್ಟೇಜಿನ ಗೆರೆ ಒಂದು ನಿಮಿಷದೊಳಗೆ ಕುಣಿಯತೊಡಗಿತು: 0.1 ವೋಲ್ಟ್, 0.8, ಮತ್ತೆ 0.1. ಹಳೆಯದು ತಣ್ಣಗಿದ್ದಾಗ ಅಲುಗಾಡುತ್ತಲೇ ಇರಲಿಲ್ಲ. ಸಂಜೆ ಬೋಯಿಕೇರಿ ಏರಿ ಮಡಿಕೇರಿವರೆಗೆ ಹೋಗಿ ಬಂದೆವು, ಲೈಟ್ ಬರಲಿಲ್ಲ.

ಬುಧವಾರ

ಎಮಿಷನ್ ಟೆಸ್ಟ್ ಪಾಸ್. ಕಾರ್ಬನ್ ಮೊನಾಕ್ಸೈಡ್ ಶೇ 0.05. ಹಳೆಯ ಕನ್ವರ್ಟರೇ ಇದೆ, ಚೆನ್ನಾಗಿಯೇ ಇದೆ. ಟ್ಯಾಂಕ್ ತುಂಬಿಸಿ ಮೀಟರ್ ಸೊನ್ನೆ ಮಾಡಿದ್ದೇನೆ. ಮೈಲೇಜ್ ಎಷ್ಟೆಂದು ಟ್ಯಾಂಕ್ ಮುಗಿದ ಮೇಲೆ ಬರೆಯುತ್ತೇನೆ. ತಗಡಿನ ಉರುಟಾದ ಬೋಲ್ಟ್ ಜಾಗಕ್ಕೆ ಸ್ಟೀಲ್‌ನದು ಹಾಕಿಯಾಯಿತು. ಟಾರ್ಪಾಲು ಮಡಚಿ ಕಣ ತೊಳೆದುಕೊಟ್ಟಿದ್ದೇನೆ.