ಸೀಟಿನ ಬಲ ಸೀಟಿನ ಕೆಳಗಿದೆ

ರ‍್ಯಾಲಿ ಕಾರು ತಯಾರು ಮಾಡುವ ಗ್ಯಾರೇಜಿನಲ್ಲಿ ಫ್ಯಾಬ್ರಿಕೇಶನ್ ನನ್ನ ಕೆಲಸ. ರೋಲ್ ಕೇಜ್ (ಪಲ್ಟಿಯಾದರೆ ಒಳಗಿನವರನ್ನು ಕಾಯುವ ಪೈಪಿನ ಪಂಜರ), ಸಂಪ್ ಗಾರ್ಡ್ (ಎಂಜಿನ್ನಿನ ಅಡಿಯ ರಕ್ಷಣೆಯ ಪ್ಲೇಟು), ಸೀಟು ಕೂರಿಸುವುದು, ಹೀಗೆ ವೆಲ್ಡಿಂಗ್ ಬೇಕಾದದ್ದೆಲ್ಲ ನನ್ನ ಪಾಲಿಗೆ ಬರುತ್ತದೆ. ಹೊಸ ಬಕೆಟ್ ಸೀಟು (ಮೈಯನ್ನು ಪಕ್ಕದಿಂದಲೂ ಹಿಡಿಯುವ ರೇಸಿಂಗ್ ಸೀಟು) ತಂದ ಹುಡುಗರು ಮೊದಲು ತೋರಿಸುವುದು ಎಫ್‌ಐಎ, ಅಂದರೆ ಮೋಟಾರ್ ಸ್ಪೋರ್ಟಿನ ಅಂತರರಾಷ್ಟ್ರೀಯ ಸಂಸ್ಥೆಯ ಲೇಬಲ್. ಅದು ಬೇಕೇ ಬೇಕು. ಆದರೆ ನಾನು ಮೊದಲು ಮಾಡುವ ಕೆಲಸ ಕಾರ್ಪೆಟ್ ಎತ್ತಿ ಫ್ಲೋರ್ ನೋಡುವುದು.

ಒಂದು ಲೆಕ್ಕ ಹೇಳುತ್ತೇನೆ. ಚಿಕ್ಕಮಗಳೂರಿನ ತೋಟದ ಸ್ಟೇಜಿನಲ್ಲಿ (ಸಮಯ ಲೆಕ್ಕ ಹಾಕುವ ಓಟದ ದಾರಿಯಲ್ಲಿ) ಕಾರು ತಿರುಗಿ ಹಿಂಬದಿಯಿಂದಲೇ ಸಿಲ್ವರ್ ಓಕ್ ಮರಕ್ಕೆ ಬಡಿಯಿತು ಅಂದುಕೊಳ್ಳಿ. ಮುಂದಕ್ಕೆ ಎಸೆದರೆ ಹಿಡಿಯಲು ಬೆಲ್ಟ್ ಇದೆ, ಹಿಂದಕ್ಕೆ ಎಸೆದರೆ ಇರುವುದು ಸೀಟು ಮಾತ್ರ. ಡ್ರೈವರ್ 80 ಕೆಜಿ, ಸೀಟು 10 ಕೆಜಿ. ಬಡಿತ 20 ಜಿ, ಅಂದರೆ ಗುರುತ್ವದ 20 ಪಟ್ಟು ಆದರೆ ಆ ಕ್ಷಣದಲ್ಲಿ 1,800 ಕೆಜಿ ಭಾರ. ಅದೂ ಬೀಳುವುದು ಬೆನ್ನಿನ ಎತ್ತರದಲ್ಲಿ, ಹಾಗಾಗಿ ಸೀಟು ಸನ್ನೆಕೋಲಾಗಿ ಮುಂದಿನ ಎರಡು ಬೋಲ್ಟುಗಳನ್ನು ಮೇಲಕ್ಕೆ ಕೀಳುತ್ತದೆ. ಇಲ್ಲಿ ಎಲ್ಲರೂ ಬೋಲ್ಟಿನ ಬಗ್ಗೆಯೇ ಹೆದರುತ್ತಾರೆ. 8.8 ಗ್ರೇಡಿನ (ಗ್ರೇಡು ಅಂದರೆ ಉಕ್ಕಿನ ಬಲದ ಗುರುತು) 8 ಎಂಎಂ ಬೋಲ್ಟು ತುಂಡಾಗಲು ಸುಮಾರು 3,000 ಕೆಜಿ ಎಳೆತ ಬೇಕು. ಫ್ಲೋರ್ ಶೀಟಿನ ದಪ್ಪವಾದರೋ ಸಾಮಾನ್ಯವಾಗಿ ಒಂದು ಎಂಎಂ ಕೂಡ ಇರುವುದಿಲ್ಲ. ಬೋಲ್ಟು ಗಟ್ಟಿಯಾಗಿಯೇ ಉಳಿದು, ವಾಷರ್ ಸಮೇತ ಶೀಟನ್ನು ಹರಿದುಕೊಂಡು ಮೇಲೆ ಬರುತ್ತದೆ.

ಬೇರೆ ಕಡೆ ಕೆಲಸ ಮಾಡಿಸಿದ್ದ ಒಂದು ಕಾರು ನಮ್ಮಲ್ಲಿಗೆ ಬಂದಿತ್ತು. ಸ್ಕ್ರೂಟಿನಿಯಲ್ಲಿ, ಅಂದರೆ ಓಟಕ್ಕೆ ಮೊದಲಿನ ತಪಾಸಣೆಯಲ್ಲಿ, ಅಧಿಕಾರಿ ಸೀಟಿನ ತಲೆ ಹಿಡಿದು ಅಲ್ಲಾಡಿಸಿದಾಗ ಅದರ ಜೊತೆ ಫ್ಲೋರೂ ಎದ್ದು ಇಳಿಯುತ್ತಿತ್ತಂತೆ. ಕಾರು ಎತ್ತಿ ನೋಡಿದರೆ ನಾಲ್ಕೂ ವಾಷರ್‌ಗಳ ಸುತ್ತ ತಗಡು ಒಳಕ್ಕೆ ಎಳೆದುಕೊಂಡು ಗುಳಿ ಬಿದ್ದಿತ್ತು, ಒಂದು ಕಡೆ ಸೀಳು ಶುರುವಾಗಿತ್ತು. ಇದಿನ್ನೂ ಪ್ರಾಕ್ಟೀಸ್ ಓಟದ ಕುಲುಕಾಟಕ್ಕೆ ಆಗಿದ್ದು, ಅಪಘಾತಕ್ಕಲ್ಲ. ಸೀಟು ಮಾತ್ರ ಒಳ್ಳೆಯ ಕಂಪನಿಯದು, ಲೇಬಲ್ಲಿನ ಅವಧಿಯೂ ಬಾಕಿ ಇತ್ತು.

ಎಫ್‌ಐಎ ನಿಯಮ ಇದನ್ನೇ ಗುರಿ ಇಟ್ಟು ಬರೆದಿದ್ದು. ಕಾರಿನ ಮೂಲ ಸೀಟಿನ ಜಾಗ ಬಿಟ್ಟು ಬೇರೆ ಕಡೆ ಕೂರಿಸುವುದಾದರೆ ಕನಿಷ್ಠ ನಾಲ್ಕು ಕಡೆ ಹಿಡಿತ, 8 ಎಂಎಂಗೆ ಕಡಿಮೆಯಿಲ್ಲದ ಬೋಲ್ಟು, ಶೀಟಿನ ಅಡಿಗೆ ಬೋಲ್ಟಿನ ಭಾರ ಹರಡುವ ಕೌಂಟರ್ ಪ್ಲೇಟು. ಒಂದೊಂದು ಕಡೆಯೂ ಪ್ಲೇಟು ಮತ್ತು ಬಾಡಿ ಕನಿಷ್ಠ 40 ಚದರ ಸೆಂಟಿಮೀಟರ್ ತಾಗಿರಬೇಕು ಎಂದು ನಿಯಮದ ಹಿಂದಿನ ಆವೃತ್ತಿಗಳಲ್ಲಿತ್ತು. ಪ್ಲೇಟು ಸ್ಟೀಲ್ ಆದರೆ ಕನಿಷ್ಠ 3 ಎಂಎಂ ದಪ್ಪ, ಅಲ್ಯೂಮಿನಿಯಂ ಮಿಶ್ರಲೋಹ ಆದರೆ 5 ಎಂಎಂ. ಮಾಮೂಲಿ 8 ಎಂಎಂ ವಾಷರ್ ಹಿಡಿಯುವ ಜಾಗ ಒಂದೂವರೆ ಚದರ ಸೆಂಟಿಮೀಟರ್ ಇದ್ದೀತು. ಇಪ್ಪತ್ತೈದು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ! "ಅಣ್ಣಾ, ಕಾಣದ ತಗಡಿಗೆ ಯಾಕೆ ಇಷ್ಟು ಖರ್ಚು?" ಎಂದು ಕೇಳುವವರಿಗೆ ಈ ಎರಡು ಸಂಖ್ಯೆಗಳನ್ನು ಬರೆದು ತೋರಿಸುತ್ತೇನೆ.

ಪ್ಲೇಟಿಗಿಂತಲೂ ನನಗೆ ಇಷ್ಟವಾದ ದಾರಿ ಅಡ್ಡ ಟ್ಯೂಬು. ಸಿಲ್‌ನಿಂದ (ಬಾಗಿಲಿನ ಅಡಿಯ ಚೌಕಟ್ಟು) ನಡುವಿನ ಟನಲ್‌ವರೆಗೆ (ಫ್ಲೋರಿನ ಮಧ್ಯದ ಉಬ್ಬು) ಎರಡು ಟ್ಯೂಬು ಕೂರಿಸಿ, ಎರಡು ತುದಿಗೂ ಪ್ಲೇಟು ಕೊಟ್ಟು ವೆಲ್ಡ್ ಮಾಡಿದರೆ ಭಾರ ತೆಳ್ಳನೆಯ ಶೀಟನ್ನು ಬಿಟ್ಟು ಬಾಡಿಯ ಗಟ್ಟಿ ಭಾಗಕ್ಕೆ ಹೋಗುತ್ತದೆ. ಆಗ ಟನಲ್ ಕಡೆ ಎತ್ತರ, ಸಿಲ್ ಕಡೆ ತಗ್ಗು ಎಂಬ ಗೋಳೂ ಇಲ್ಲ. ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡ್) ಹಾಕುವ ಮೊದಲು ಡ್ರೈವರನ್ನು ಹೆಲ್ಮೆಟ್ ಸಮೇತ ಕೂರಿಸಿ ಕೇಜ್‌ಗೂ ತಲೆಗೂ ಇರುವ ಅಂತರ, ಕ್ಲಚ್ ಪೂರ್ತಿ ಒತ್ತಿದಾಗ ಮಂಡಿಯ ಮಡಿಕೆ ನೋಡಿಕೊಳ್ಳಿ. ಡ್ರಿಲ್ ಹಿಡಿಯುವ ಮೊದಲು ಕಾರಿನ ಕೆಳಗೆ ತೂರಿ ಬ್ರೇಕ್ ಪೈಪು, ಇಂಧನದ ಪೈಪು ಎಲ್ಲಿ ಹೋಗಿವೆ ಎಂದು ಕಣ್ಣಾರೆ ನೋಡಿ. ಮಂಗಳೂರು, ಉಡುಪಿ ಕಡೆಯ ಕಾರಾದರೆ ಕಾರ್ಪೆಟ್ಟಿನ ಅಡಿ ತೇವ ನಿಂತು ತುಕ್ಕು ಹಿಡಿದಿರುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಸಡಿಲ ಇದ್ದರೆ ಆ ಭಾಗ ಕತ್ತರಿಸಿ ಹೊಸ ಶೀಟು ಹಾಕದೆ ಮುಂದೆ ಹೋಗಬೇಡಿ. ವೆಲ್ಡಿಂಗ್ ಶಾಖಕ್ಕೆ ಅಡಿಯ ಕೋಟಿಂಗ್ ಸುಟ್ಟಿರುತ್ತದೆ, ಅಲ್ಲಿ ಪ್ರೈಮರ್ ಬಳಿಯಲೇಬೇಕು.

ಸೀಟಿನ ಪಕ್ಕದ ಬ್ರಾಕೆಟ್ಟಿಗೂ ಶೆಲ್ಲಿಗೂ (ಸೀಟಿನ ಗಟ್ಟಿ ಒಡಲು) ನಡುವೆ ಸಂದು ಉಳಿದಿದ್ದರೆ ಬೋಲ್ಟು ಬಿಗಿದು ಎಳೆದು ಮುಚ್ಚುವ ಅಭ್ಯಾಸ ಹಲವರಿಗಿದೆ. ಫೈಬರ್ ಶೆಲ್ ಹಾಗೆ ಸದಾ ಬಿಗಿತದಲ್ಲಿದ್ದರೆ ಇನ್ಸರ್ಟಿನ (ಬೋಲ್ಟು ಹಿಡಿಯಲು ಶೆಲ್ಲಿನಲ್ಲಿ ಹುದುಗಿಸಿದ ಲೋಹದ ತುಂಡು) ಸುತ್ತ ಬಿರುಕು ಬಿಡುತ್ತದೆ. ಸಂದಿಗೆ ಸರಿಯಾದ ದಪ್ಪದ ಸ್ಪೇಸರ್ (ನಡುವೆ ತುಂಬುವ ಲೋಹದ ಬಿಲ್ಲೆ) ಲೇತಿನಲ್ಲಿ ತಿರುಗಿಸಿ ಮಾಡಿ. ಬೋಲ್ಟು ಉದ್ದವಾದರೆ ತುದಿ ಒಳಗೆ ತಾಗಿ, ಬಿಗಿಯಾಗಿದೆ ಎಂಬ ಸುಳ್ಳು ಭಾವನೆ ಕೊಡುತ್ತದೆ. ತಲೆಯ ಮೇಲೆ 8.8 ಅಚ್ಚಿರುವುದನ್ನೇ ಕೊಳ್ಳಿ. 4.6 ಬೋಲ್ಟು ನೋಡಲು ಹಾಗೇ ಇದ್ದರೂ ಬಲ ಅರ್ಧ.

ಬೆಲ್ಟಿನ ಬಗ್ಗೆ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಹಾರ್ನೆಸ್ಸನ್ನು (ಹಲವು ಪಟ್ಟಿಗಳ ರೇಸಿಂಗ್ ಬೆಲ್ಟು) ಸೀಟಿಗಾಗಲಿ ಸೀಟಿನ ಬ್ರಾಕೆಟ್ಟಿಗಾಗಲಿ ಕಟ್ಟುವುದನ್ನು ಎಫ್‌ಐಎ ನಿಷೇಧಿಸಿದೆ. ಕಾರಣ ಸರಳ: ಮುಂಭಾಗದಿಂದ ಬಡಿದಾಗ ಡ್ರೈವರ್ ಭಾರವೂ ಅದೇ ನಾಲ್ಕು ಬೋಲ್ಟಿಗೆ ಬೀಳುತ್ತದೆ. ಬೆಲ್ಟು ಬಾಡಿಗೆ ಅಥವಾ ಕೇಜಿಗೇ ಹೋಗಬೇಕು.

ದಿನನಿತ್ಯ ಓಡಿಸುವ ಕಾರಿಗೂ ಬಕೆಟ್ ಸೀಟು ಬೇಕೆಂದು ಬರುವವರನ್ನು ನಾನು ವಾಪಸ್ ಕಳಿಸುತ್ತೇನೆ, ದುಡ್ಡು ಹೋದರೂ ಸರಿ. ಎಷ್ಟೋ ಕಾರುಗಳಲ್ಲಿ ಬೆಲ್ಟಿನ ಬಕಲ್ ಮೂಲ ಸೀಟಿನ ಫ್ರೇಮಿಗೇ ಕೂತಿರುತ್ತದೆ, ಸೈಡ್ ಏರ್‌ಬ್ಯಾಗ್ ಸೀಟಿನೊಳಗೇ ಇರುತ್ತದೆ. ಸೀಟು ಬಿಚ್ಚಿದರೆ ಎರಡೂ ಹೋದವು. ಕೇಜ್ ಇಲ್ಲದ ಕಾರಿಗೆ ಹಾರ್ನೆಸ್ ಹಾಕಿದರೆ ಪಲ್ಟಿಯಲ್ಲಿ ಮೇಲ್ಛಾವಣಿ ತಗ್ಗಿದಾಗ ಪಕ್ಕಕ್ಕೆ ಬಾಗಲೂ ಆಗದೆ ನೆಟ್ಟಗೆ ಸಿಕ್ಕಿಕೊಳ್ಳುತ್ತೀರಿ.

ಕೊನೆಯ ಕೆಲಸ ಬಿಗಿತ ಅಳೆಯುವ ಟಾರ್ಕ್ ರೆಂಚ್‌ನದು. 8 ಎಂಎಂನ 8.8 ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್, 10 ಎಂಎಂಗೆ 49ರ ಆಸುಪಾಸು, ಸೀಟು ತಯಾರಕರು ಬೇರೆ ಹೇಳಿದ್ದರೆ ಅದೇ ಅಂತಿಮ. ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇರುವುದು) ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವುದಿಲ್ಲ. ಬಿಗಿದ ಮೇಲೆ ನಟ್ಟಿಗೂ ಪ್ಲೇಟಿಗೂ ಸೇರಿ ಹಳದಿ ಪೇಂಟಿನ ಗೆರೆ ಎಳೆಯುತ್ತೇನೆ, ನಟ್ಟು ಸಡಿಲವಾದರೆ ಗೆರೆ ತಪ್ಪಿದ್ದು ಕಾಣುತ್ತದೆ. ಮೊದಲ ಸ್ಟೇಜ್ ಮುಗಿಸಿ ಸರ್ವಿಸ್ ಪಾರ್ಕಿಗೆ (ಕಾರು ರಿಪೇರಿ ಮಾಡುವ ಜಾಗ) ಬಂದಾಗ ಟಾರ್ಚ್ ಹಿಡಿದು ಆ ಗೆರೆಗಳನ್ನು ನೋಡಲು ನಮ್ಮ ಹುಡುಗನೊಬ್ಬನನ್ನು ನೇಮಿಸಿರುತ್ತೇವೆ, ನ್ಯಾವಿಗೇಟರ್ ಸೀಟಿನದೂ ಸೇರಿ.